ಮಹಾಮಾರಿಗೆ ಎದುರು ನಿಂತ ಮಹನೀಯ: ವಾಲ್ಡೆಮಾರ್ ಹಾಫ್‌ಕಿನ್

ಸಹ್ಯಾದ್ರಿಯ ಘಟ್ಟಗಳಿಗೂ ಅರಬೀ ಸಮುದ್ರಕ್ಕೂ ನಡುವೆ ಹಬ್ಬಿರುವ ಕಾರವಾರ, ಅಂಕೋಲೆಗಳ ಸೀಮೆಗೆ ಹೊರನಾಡಿನ ಸಂಪರ್ಕವು ಬಹುಕಾಲದಿಂದ ಎರಡು ಹಾದಿಗಳಲ್ಲಿ ಒದಗಿ ಬಂದಿದೆ. ಒಂದು ಜಲಮಾರ್ಗ. ಮುಂಬಯಿಯಿಂದ ಹೊರಟ ಆಗಬೋಟುಗಳೂ ಮಚವೆಗಳೂ ಕರಾವಳಿಯನ್ನು ಅನುಸರಿಸಿ ಬಂದು ಕಾರವಾರದ ಬಂದರಿನಲ್ಲಿ ಜನರನ್ನೂ ಸರಕನ್ನೂ ಇಳಿಸುತ್ತಿದ್ದವು. ಇನ್ನೊಂದು ಘಟ್ಟದ ದಾರಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳನ್ನು ಹಾದು, ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಬರುವ ಈ ಹಾದಿಯಲ್ಲಿ ಬಯಲುಸೀಮೆಯ ಹತ್ತಿಯೂ ಕಾಳುಕಡ್ಡಿಯೂ ಗಾಡಿಗಳಲ್ಲಿ ಕೆಳಗಿಳಿಯುತ್ತಿದ್ದವು. ಉಪ್ಪು, ತೆಂಗು, ಒಣಮೀನುಗಳು ಮೇಲಕ್ಕೆ ಹೋಗುತ್ತಿದ್ದವು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನ ಆಡಳಿತದಿಂದ ಬಿಡುಗಡೆ ಹೊಂದಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರವರೆಗೂ ಆ ಪ್ರಾಂತದ ಭಾಗವಾಗಿಯೇ ಉಳಿಯಿತು. ಹೀಗಾಗಿ ಮುಂಬಯಿಯಲ್ಲಿ ಹುಟ್ಟಿದ ಕಾಯಿದೆಯೂ, ಮುಂಬಯಿಯಲ್ಲಿ ತಯಾರಾದ ಔಷಧವೂ, ಮುಂಬಯಿಯಲ್ಲಿ ಎದ್ದ ಭಯವೂ ಈ ಜಿಲ್ಲೆಗೆ ಪರಕೀಯವಾಗಿರಲಿಲ್ಲ.

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಎರಡು ವರ್ಷ ತುಂಬುವುದರೊಳಗೆ ಅದು ಹುಬ್ಬಳ್ಳಿಯನ್ನೂ ಮುತ್ತಿತು. ಕಡಲಿನ ದಾರಿಯ ಆ ತುದಿಯಲ್ಲಿ ಒಂದು ರೋಗಗ್ರಸ್ತ ನಗರ, ಘಟ್ಟದ ದಾರಿಯ ಈ ತುದಿಯಲ್ಲಿ ಮತ್ತೊಂದು. ಕಾರವಾರ, ಅಂಕೋಲೆಗಳು ಇವೆರಡರ ನಡುವೆ ಇದ್ದವು. ಕಂಕುಳಲ್ಲಿಯೂ ತೊಡೆಯ ಸಂದಿಯಲ್ಲಿಯೂ ಗಡ್ಡೆ ಎದ್ದು, ಸುಡುವ ಜ್ವರ ಬಂದು, ಕೆಲವೇ ದಿನಗಳಲ್ಲಿ ಪ್ರಾಣವನ್ನು ಕೊಂಡೊಯ್ಯುತ್ತಿದ್ದ ಆ ಮಹಾಮಾರಿಗೆ ಅಂದು ಯಾವ ದೇಶದ ಯಾವ ವೈದ್ಯನ ಬಳಿಯೂ ಮದ್ದಿರಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕ ಜನ ಅದಕ್ಕೆ ಬಲಿಯಾದರು. ಅಂತಹ ದಿನಗಳಲ್ಲಿ ರೋಗ ಬರುವ ಮೊದಲೇ ದೇಹವನ್ನು ಸಿದ್ಧಗೊಳಿಸುವ ಉಪಾಯವನ್ನು ಕಂಡು, ಅದನ್ನು ಮೊಟ್ಟಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡ ವಿಜ್ಞಾನಿ ವಾಲ್ಡೆಮಾರ್ ಮೊರ್ಡೆಕಾಯ್ ಹಾಫ್‌ಕಿನ್. ಅವರ ಬಾಳಿನ ಕಥೆಯು ಒಂದು ಔಷಧದ ಕಥೆ ಮಾತ್ರವಾಗಿ ಮುಗಿಯುವುದಿಲ್ಲ. ಜನರ ವಿಶ್ವಾಸವನ್ನು ಸಂಪಾದಿಸುವುದು ಎಷ್ಟು ಕಷ್ಟ, ಅದನ್ನು ಒಂದು ಕ್ಷಣದ ಅಜಾಗರೂಕತೆಯಿಂದ ಕಳೆಯುವುದು ಎಷ್ಟು ಸುಲಭ ಎಂಬುದನ್ನೂ ಅದು ತಿಳಿಸುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಾಫ್‌ಕಿನ್ ಅವರು ೧೮೬೦ರ ಮಾರ್ಚ್ ೧೫ರಂದು ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ ಒಂದು ಯಹೂದಿ ವರ್ತಕ ಕುಟುಂಬದಲ್ಲಿ ಜನಿಸಿದರು. ಅಂದು ಆ ನಗರ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಇಂದು ಅದು ಯುಕ್ರೇನ್ ದೇಶದಲ್ಲಿದೆ. ಕಾರವಾರದಂತೆಯೇ ಅದೂ ಒಂದು ಬಂದರಿನ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕೋವ್ ಎಂಬ ಮಹಾ ವಿಜ್ಞಾನಿ ಅವರಿಗೆ ಗುರುವಾಗಿ ದೊರೆತರು. ರಕ್ತದಲ್ಲಿರುವ ಬಿಳಿಯ ಕಣಗಳು ಹೊರಗಿನಿಂದ ಬಂದ ರೋಗಾಣುಗಳನ್ನು ನುಂಗಿ ದೇಹವನ್ನು ಕಾಯುತ್ತವೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟು, ಮುಂದೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಇವರೇ.

ವಿದ್ಯಾರ್ಥಿದೆಸೆಯಲ್ಲಿಯೇ ಹಾಫ್‌ಕಿನ್ ಅವರಿಗೆ ಅನ್ಯಾಯದ ಪರಿಚಯವಾಯಿತು. ಯಹೂದಿಗಳ ಮನೆಗಳ ಮೇಲೆ ಗುಂಪುಗಳು ದಾಳಿ ಮಾಡಿದಾಗ ಅವರು ತಮ್ಮವರ ರಕ್ಷಣೆಗೆ ನಿಂತ ದಳದಲ್ಲಿ ಸೇರಿದರು, ಸೆರೆಯಾದರು, ಗುರುಗಳಾದ ಮೆಚ್ನಿಕೋವರು ನಡುವೆ ಬಂದುದರಿಂದ ಬಿಡುಗಡೆ ಹೊಂದಿದರು. ವಿದ್ಯೆ ಮುಗಿದ ಮೇಲೆ ಅಧ್ಯಾಪಕ ಪದವಿ ದೊರೆಯಬೇಕಾದರೆ ಅವರು ತಮ್ಮ ಮತವನ್ನು ಬಿಟ್ಟು ರಷ್ಯದ ರಾಜಧರ್ಮವನ್ನು ಸ್ವೀಕರಿಸಬೇಕಾಗಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ೧೮೮೮ರಲ್ಲಿ ಹುಟ್ಟಿದ ನಾಡನ್ನು ತೊರೆದು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಹಗಲು ಪುಸ್ತಕಗಳನ್ನು ಕಾಯುತ್ತ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಅವರು ತಮ್ಮ ಸಂಶೋಧನೆಯನ್ನು ಬೆಳೆಸಿದರು.

ಹಿರಿಯರು ಹಾಕಿಕೊಟ್ಟ ಹಾದಿ

ಸಾಂಕ್ರಾಮಿಕ ರೋಗಗಳನ್ನು ಕುರಿತ ತಿಳುವಳಿಕೆ ಆ ವೇಳೆಗೆ ಹೊಸ ಯುಗವನ್ನು ಪ್ರವೇಶಿಸಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಅವರು ೧೭೯೬ರಲ್ಲಿ ಹಸುವಿನ ಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಮನುಷ್ಯರ ಸಿಡುಬಿನಿಂದ ಅವನನ್ನು ರಕ್ಷಿಸಿದ್ದರು. ನಮ್ಮ ಜನ ದೇವಿ ಹಾಕಿಸುವುದೆಂದು ಕರೆಯುತ್ತಿದ್ದ ಪದ್ಧತಿ ಇದೇ. ಆದರೆ ಅದು ಏಕೆ ಫಲಿಸುತ್ತದೆ ಎಂಬುದು ಜೆನ್ನರ್ ಅವರಿಗೆ ತಿಳಿದಿರಲಿಲ್ಲ. ಸುಮಾರು ಎಂಬತ್ತು ವರ್ಷಗಳ ತರುವಾಯ ಫ್ರಾನ್ಸಿನ ಲೂಯಿ ಪಾಶ್ಚರ್ ಅವರು, ರೋಗಾಣುಗಳ ಶಕ್ತಿಯನ್ನು ಕುಂದಿಸಿ ದೇಹದೊಳಕ್ಕೆ ಬಿಟ್ಟರೆ ದೇಹವು ಆ ರೋಗವನ್ನು ಎದುರಿಸಲು ಕಲಿಯುತ್ತದೆ ಎಂಬ ಸಾಮಾನ್ಯ ನಿಯಮವನ್ನು ಕಂಡುಕೊಂಡರು. ಜರ್ಮನಿಯ ರಾಬರ್ಟ್ ಕಾಖ್ ಅವರು ಒಂದೊಂದು ರೋಗಕ್ಕೂ ಒಂದೊಂದು ರೋಗಾಣು ಕಾರಣವೆಂಬುದನ್ನು ಸಿದ್ಧಪಡಿಸುವ ವಿಧಾನವನ್ನು ರೂಪಿಸಿದರು. ೧೮೮೪ರಲ್ಲಿ ಕಲಕತ್ತೆಯ ಕೆರೆಯ ನೀರಿನಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದರು.

ಈ ಹಿರಿಯರು ಹಾಕಿಕೊಟ್ಟ ಹಾದಿಯಲ್ಲಿ ಹಾಫ್‌ಕಿನ್ ಅವರು ಮುಂದಡಿಯಿಟ್ಟರು. ಪ್ರಾಣಿಗಳ ಮೇಲೆ ಅನೇಕ ಪ್ರಯೋಗಗಳನ್ನು ನಡೆಸಿ ಕಾಲರಾಕ್ಕೆ ಲಸಿಕೆಯೊಂದನ್ನು ಸಿದ್ಧಗೊಳಿಸಿದರು. ಮನುಷ್ಯರಿಗೆ ಅದು ನಿರಪಾಯಕಾರಿಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅವರು ಪರರ ದೇಹವನ್ನು ಬಯಸಲಿಲ್ಲ. ೧೮೯೨ರ ಜುಲೈ ೧೮ರಂದು ತಮ್ಮ ಮೈಗೇ ಅದನ್ನು ಚುಚ್ಚಿಸಿಕೊಂಡರು. ಜ್ವರ ಬಂದಿತು; ಇಳಿಯಿತು. ಅನಂತರವೇ ಅದನ್ನು ಇತರರಿಗೆ ಕೊಡಲು ಮುಂದಾದರು.

ಭಾರತದಲ್ಲಿ ವೈಸರಾಯಿಯಾಗಿದ್ದು ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ನೆರವಿನಿಂದ ೧೮೯೩ರ ಮಾರ್ಚಿನಲ್ಲಿ ಅವರು ಕಲಕತ್ತೆಗೆ ಬಂದರು. ಅಲ್ಲಿನ ಆರೋಗ್ಯಾಧಿಕಾರಿ ಡಾ. ಸಿಂಪ್ಸನ್ ಅವರ ಸಹಕಾರ ದೊರೆಯಿತು. ೧೮೯೪ರಲ್ಲಿ ಕಲಕತ್ತೆಯ ಕಾಟಾಲ್ ಬಾಗಾನ್ ಎಂಬ ಬಡವರ ಬಸ್ತಿಯಲ್ಲಿ ಕಾಲರಾ ತಲೆದೋರಿದಾಗ, ಸುಮಾರು ಇನ್ನೂರು ಜನರಲ್ಲಿ ೧೧೬ ಮಂದಿ ಲಸಿಕೆ ಹಾಕಿಸಿಕೊಂಡರು. ಆ ಮೇಲೆ ಬಸ್ತಿಯಲ್ಲಿ ರೋಗಕ್ಕೆ ತುತ್ತಾದವರೆಲ್ಲ ಲಸಿಕೆಯನ್ನು ಪಡೆಯದವರೇ ಆಗಿದ್ದರು. ಊರೂರು ತಿರುಗಿ ನಲವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಅವರು ಲಸಿಕೆ ಕೊಟ್ಟರು. ಹೀಗೆ ತಿರುಗುವಾಗ ಮಲೇರಿಯಾ ಅವರನ್ನು ಹಿಡಿಯಿತು. ೧೮೯೫ರಲ್ಲಿ ಯುರೋಪಿಗೆ ಹಿಂದಿರುಗಿ, ಚೇತರಿಸಿಕೊಂಡು, ಮರುವರ್ಷ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯ ಆ ಮೂರು ತಿಂಗಳು

೧೮೯೬ರ ಅಕ್ಟೋಬರಿನಲ್ಲಿ ಸರಕಾರವು ಹಾಫ್‌ಕಿನ್ ಅವರನ್ನು ಮುಂಬಯಿಗೆ ಕರೆಸಿಕೊಂಡಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಒಂದು ಚಿಕ್ಕ ಕೋಣೆ ಮತ್ತು ಅದರ ಪಕ್ಕದ ಓಣಿಯಂಥ ಜಾಗ. ಸಹಾಯಕ್ಕೆ ಒಬ್ಬ ಗುಮಾಸ್ತ, ಮೂವರು ಜವಾನರು. ಹೊರಗೆ ನಗರದ ಅರ್ಧ ಜನ ಊರು ಬಿಟ್ಟು ಓಡುತ್ತಿದ್ದರು. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡ್ರ್ ಯೆರ್ಸಿನ್ ಅವರು ಎರಡು ವರ್ಷ ಮೊದಲು, ೧೮೯೪ರಲ್ಲಿ, ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಶತ್ರುವಿನ ಮುಖ ತಿಳಿದಿತ್ತು; ಆದರೆ ಅದನ್ನು ಎದುರಿಸುವ ಆಯುಧವಿರಲಿಲ್ಲ.

ಹಾಫ್‌ಕಿನ್ ಅವರು ದೊಡ್ಡ ಗಾಜಿನ ಸೀಸೆಗಳಲ್ಲಿ ಮಾಂಸದ ರಸವನ್ನು ತುಂಬಿ ಅದರಲ್ಲಿ ರೋಗಾಣುಗಳನ್ನು ಬೆಳೆಸಿದರು. ಹಿಂದೂಗಳೂ ಮುಸಲ್ಮಾನರೂ ಇರುವ ನಾಡಿನಲ್ಲಿ ದನದ ಅಥವಾ ಹಂದಿಯ ಮಾಂಸ ಸಲ್ಲದೆಂದು ತಿಳಿದು ಆಡಿನ ಮಾಂಸವನ್ನು ಆರಿಸಿಕೊಂಡರು. ಆ ರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ರೋಗಾಣುಗಳು ಆ ತುಪ್ಪದ ಹನಿಗಳನ್ನು ಆಶ್ರಯಿಸಿ, ಗುಹೆಯ ಚಾವಣಿಯಿಂದ ಇಳಿಬೀಳುವ ಸುಣ್ಣದ ಕೋಲುಗಳಂತೆ ಕೆಳಮುಖವಾಗಿ ಬೆಳೆಯುತ್ತಿದ್ದವು. ಆಗಾಗ ಸೀಸೆಯನ್ನು ಅಲುಗಾಡಿಸಿದರೆ ಆ ಎಳೆಗಳು ಉದುರಿ, ಅದೇ ತುಪ್ಪದ ಕೆಳಗೆ ಹೊಸ ಬೆಳೆ ಏಳುತ್ತಿತ್ತು. ಹೀಗೆ ಹಲವು ವಾರ ಬೆಳೆಸಿದ ಮೇಲೆ ಇಡೀ ದ್ರವವನ್ನು ಅರವತ್ತೈದರಿಂದ ಎಪ್ಪತ್ತು ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದು ಗಂಟೆ ಕಾಯಿಸಿ ರೋಗಾಣುಗಳನ್ನು ಸಾಯಿಸುತ್ತಿದ್ದರು. ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಬೆರೆಸುತ್ತಿದ್ದರು. ಸತ್ತ ರೋಗಾಣುವು ರೋಗವನ್ನು ತರಲಾರದು. ಆದರೆ ಅದರ ಗುರುತನ್ನು ದೇಹವು ಹಿಡಿದುಕೊಳ್ಳುತ್ತದೆ. ಮುಂದೆ ಜೀವಂತ ರೋಗಾಣು ಬಂದಾಗ ಎದುರಿಸಲು ಸಿದ್ಧವಾಗಿರುತ್ತದೆ. ಪ್ಲೇಗಿನ ಚುಚ್ಚುಮದ್ದಿನ ತತ್ತ್ವ ಇಷ್ಟೇ.

೧೮೯೭ರ ಜನವರಿ ೧೦ರಂದು, ಕಾಲೇಜಿನ ಪ್ರಿನ್ಸಿಪಾಲರ ತಿಳುವಳಿಕೆಯಲ್ಲಿ, ಅವರು ತಮ್ಮ ಮೈಗೆ ಈ ಮದ್ದನ್ನು ಚುಚ್ಚಿಸಿಕೊಂಡರು. ಮುಂದೆ ಇತರರಿಗೆ ಕೊಡಲು ಗೊತ್ತುಮಾಡಿದ ಪ್ರಮಾಣಕ್ಕಿಂತ ಹೆಚ್ಚಿನದನ್ನೇ ತಾವು ತೆಗೆದುಕೊಂಡರು. ಜ್ವರವೂ ನೋವೂ ಬಂದು ಹೋದವು. ಅದೇ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಿತು. ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಮದ್ದು ಕೊಡಲಾಯಿತು; ಹೆಚ್ಚುಕಡಿಮೆ ಅಷ್ಟೇ ಮಂದಿ ಹಾಕಿಸಿಕೊಳ್ಳದೆ ಉಳಿದರು. ಎಲ್ಲರೂ ಒಂದೇ ಗೋಡೆಯೊಳಗೆ ಒಂದೇ ಅನ್ನವನ್ನು ಉಣ್ಣುವವರು. ಹಾಕಿಸಿಕೊಳ್ಳದವರಲ್ಲಿ ಹನ್ನೆರಡು ಮಂದಿಗೆ ರೋಗ ತಗಲಿ ಆರು ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ ರೋಗ ಬಂದು ಇಬ್ಬರೂ ಉಳಿದರು.

ಭಯ ಮತ್ತು ವಿಶ್ವಾಸ

ಔಷಧ ಸಿದ್ಧವಾದ ಮಾತ್ರಕ್ಕೆ ಜನರು ಅದನ್ನು ಸ್ವೀಕರಿಸಲಿಲ್ಲ. ಅದಕ್ಕೆ ಬಲವಾದ ಕಾರಣಗಳಿದ್ದವು. ೧೮೯೭ರ ಫೆಬ್ರವರಿಯಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಬಂದರಿಗೆ ಬರುವ ಹಡಗುಗಳನ್ನೂ ಪ್ರಯಾಣಿಕರನ್ನೂ ತಡೆದು ಪರೀಕ್ಷಿಸುವ ಅಧಿಕಾರ ಅದರಿಂದ ದೊರೆಯಿತು. ರೋಗದ ಸಂಶಯವಿದ್ದವರನ್ನು ಮನೆಯಿಂದ ಎಳೆದೊಯ್ಯುವುದು, ಅವರ ಬಂಧುಗಳನ್ನು ಪ್ರತ್ಯೇಕ ಶಿಬಿರಗಳಲ್ಲಿಡುವುದು, ದೇವರ ಕೋಣೆಯೆನ್ನದೆ ಅಡಿಗೆಮನೆಯೆನ್ನದೆ ಸಿಪಾಯಿಗಳು ಒಳಹೊಕ್ಕು ಶೋಧಿಸುವುದು, ಇವೆಲ್ಲ ಜನರ ಮನಸ್ಸನ್ನು ಕಲಕಿದವು. ಪುಣೆಯಲ್ಲಿ ಈ ಕ್ರಮಗಳ ಮೇಲ್ವಿಚಾರಕನಾಗಿದ್ದ ರ‍್ಯಾಂಡ್ ಎಂಬ ಅಧಿಕಾರಿಯನ್ನು ಅದೇ ವರ್ಷ ಜೂನ್ ತಿಂಗಳಿನಲ್ಲಿ ಚಾಪೇಕರ ಸೋದರರು ಗುಂಡಿಟ್ಟು ಕೊಂದರು. ಬಲಾತ್ಕಾರದ ಕೈಯಿಂದ ಅಮೃತವನ್ನು ಕೊಟ್ಟರೂ ಜನ ಅದನ್ನು ವಿಷವೆಂದೇ ಶಂಕಿಸುವ ಕಾಲ ಅದಾಗಿತ್ತು. ಚುಚ್ಚುಮದ್ದು ಜಾತಿಯನ್ನು ಕೆಡಿಸುತ್ತದೆ, ಸಂತಾನವನ್ನು ಕೆಡಿಸುತ್ತದೆ ಎಂಬ ವದಂತಿಗಳು ಹಬ್ಬಿದವು.

ಹಾಫ್‌ಕಿನ್ ಅವರ ಮಾರ್ಗ ಇದಕ್ಕಿಂತ ಭಿನ್ನವಾಗಿತ್ತು. ಮದ್ದನ್ನು ಹಾಕಿಸಿಕೊಳ್ಳುವುದು ಜನರ ಇಚ್ಛೆಗೆ ಬಿಟ್ಟದ್ದಾಗಿರಬೇಕೆಂದು ಅವರು ಹಟ ಹಿಡಿದರು. ಹತ್ತೊಂಬತ್ತರ ಪ್ರಾಯದ ಆಗಾ ಖಾನರು ತಮ್ಮ ಅನುಯಾಯಿಗಳ ಎದುರಿನಲ್ಲಿ ಮದ್ದನ್ನು ಚುಚ್ಚಿಸಿಕೊಂಡು ಮಾದರಿಯಾದರು. ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟರು. ಖೋಜಾ ಸಮಾಜದ ಸಾವಿರಾರು ಜನ ಅವರನ್ನು ಅನುಸರಿಸಿದರು. ಸಮಾಜದ ಹಿರಿಯನೊಬ್ಬ ತಾನು ಮೊದಲು ತೋಳನ್ನೊಡ್ಡಿದರೆ ಸರಕಾರದ ನೂರು ಹುಕುಮುಗಳಿಂದ ಆಗದ ಕೆಲಸ ಆಗುತ್ತದೆ ಎಂಬುದು ಅಂದು ಸಿದ್ಧವಾಯಿತು.

ಮದ್ದಿನ ಗುಣವನ್ನು ಮಾತಿನಿಂದ ಹೊಗಳುವುದರ ಬದಲು ಲೆಕ್ಕದಿಂದ ತೋರಿಸುವುದು ಅವರ ಪದ್ಧತಿ. ೧೮೯೮ರ ಆರಂಭದಲ್ಲಿ ಬಡೋದೆಯ ಹತ್ತಿರದ ಉಂಡೇರಾ ಎಂಬ ಹಳ್ಳಿಯಲ್ಲಿ ಪ್ರತಿಯೊಂದು ಕುಟುಂಬವನ್ನೂ ಎರಡಾಗಿ ವಿಂಗಡಿಸಿ, ಅರ್ಧ ಜನರಿಗೆ ಮದ್ದು ಕೊಡಲಾಯಿತು. ಒಂದೇ ಸೂರು, ಒಂದೇ ಬಾವಿ, ಒಂದೇ ಒಲೆ. ವ್ಯತ್ಯಾಸವೆಂದರೆ ಮದ್ದು ಒಂದೇ. ಅನಂತರ ರೋಗ ಹೊಕ್ಕ ಇಪ್ಪತ್ತೆಂಟು ಮನೆಗಳಲ್ಲಿ ಮದ್ದು ಪಡೆದಿದ್ದ ೭೧ ಮಂದಿಯಲ್ಲಿ ೮ ಜನರಿಗೆ ರೋಗ ಬಂದು ಮೂವರು ಸತ್ತರು. ಪಡೆಯದಿದ್ದ ೬೪ ಮಂದಿಯಲ್ಲಿ ೨೭ ಜನರಿಗೆ ರೋಗ ಬಂದು ೨೬ ಜನ ಸತ್ತರು. ಅದಕ್ಕೂ ಮೊದಲು, ೧೮೯೭ರಲ್ಲಿ, ಪೋರ್ತುಗೀಜರ ಅಧೀನದಲ್ಲಿದ್ದ ದಮಣದಲ್ಲಿ ಮದ್ದು ಪಡೆದ ೨,೧೯೭ ಜನರಲ್ಲಿ ೩೬ ಮಂದಿ ಮಡಿದರೆ, ಪಡೆಯದ ೬,೦೩೩ ಜನರಲ್ಲಿ ೧,೪೮೨ ಮಂದಿ ಮಡಿದಿದ್ದರು. ಒಂದೆಡೆ ನೂರಕ್ಕೆ ಇಬ್ಬರೂ ಇಲ್ಲ; ಇನ್ನೊಂದೆಡೆ ನೂರಕ್ಕೆ ಇಪ್ಪತ್ತನಾಲ್ಕಕ್ಕೂ ಹೆಚ್ಚು. ಒಂದು ಗುಂಪನ್ನು ಇನ್ನೊಂದು ಗುಂಪಿನೊಡನೆ ಹೋಲಿಸಿ ಔಷಧವನ್ನು ಒರೆಗೆ ಹಚ್ಚುವ ಕ್ರಮವು ಇಂದು ಜಗತ್ತಿನಲ್ಲೆಲ್ಲ ರೂಢಿಯಲ್ಲಿದೆ.

ಹುಬ್ಬಳ್ಳಿಯ ಪರೀಕ್ಷೆ

ಕನ್ನಡನಾಡಿನಲ್ಲಿ ಈ ಮದ್ದಿನ ದೊಡ್ಡ ಪರೀಕ್ಷೆ ನಡೆದದ್ದು ಹುಬ್ಬಳ್ಳಿಯಲ್ಲಿ. ೧೮೯೮ರಲ್ಲಿ ಅದು ಸುಮಾರು ಐವತ್ತು ಸಾವಿರ ಜನರಿದ್ದ ಊರು; ಹತ್ತಿಯ ಪೇಟೆ, ರೈಲಿನ ಜಂಕ್ಷನ್, ಘಟ್ಟದ ಕೆಳಗಿನ ಗಾಡಿಗಳು ಬಂದು ಸೇರುವ ಸ್ಥಳ. ಅಲ್ಲಿ ಪ್ಲೇಗು ಹಬ್ಬಿದಾಗ ಲ್ಯೂಮನ್ ಎಂಬ ಸೇನಾವೈದ್ಯರು ಜನರಿಗೆ ಹಾಫ್‌ಕಿನ್ ಮದ್ದನ್ನು ಕೊಡುವ ಭಾರವನ್ನು ಹೊತ್ತರು. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಊರಿನ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಚುಚ್ಚಿಸಿಕೊಂಡಿದ್ದರು. ಅವರಲ್ಲಿ ಅನೇಕರು ಎರಡು ಸಲ. ಒಂದು ನಗರದ ಬಹುಪಾಲು ಜನ ಹೀಗೆ ರಕ್ಷಣೆ ಪಡೆದದ್ದು ಅಂದಿನ ಕಾಲಕ್ಕೆ ಅಪೂರ್ವ ಸಂಗತಿ. ಮದ್ದು ಪಡೆಯದೆ ಉಳಿದ ಅಲ್ಪಸಂಖ್ಯಾತರಲ್ಲಿ ಸಾವಿನ ಪ್ರಮಾಣವು ಪಡೆದವರಿಗಿಂತ ಅನೇಕ ಪಟ್ಟು ಹೆಚ್ಚಾಗಿತ್ತು.

ಹುಬ್ಬಳ್ಳಿಯು ಅಂಕೋಲೆ, ಕಾರವಾರಗಳ ಪೇಟೆಯ ಬಾಗಿಲು. ಆ ಬಾಗಿಲಿನಲ್ಲಿ ರೋಗದ ಬಲ ಕುಗ್ಗಿದಷ್ಟೂ ಘಟ್ಟದ ಕೆಳಗಿನ ಹಳ್ಳಿಗಳಿಗೆ ಕ್ಷೇಮ. ಅರಬೈಲು ಘಟ್ಟವನ್ನಿಳಿಯುವ ಗಾಡಿಯ ಹತ್ತಿಯ ಅಂಡಿಗೆಯಲ್ಲಿ ಇಲಿ ಅಡಗಿ ಬರಬಹುದು, ಆ ಇಲಿಯ ಮೈಮೇಲೆ ಸಾವು ಸವಾರಿ ಮಾಡಿಕೊಂಡು ಬರಬಹುದು ಎಂಬುದು ಆಗಿನ್ನೂ ಎಲ್ಲರ ತಿಳುವಳಿಕೆಗೆ ಬಂದಿರಲಿಲ್ಲ. ಅದೇ ೧೮೯೮ರಲ್ಲಿ ಪಾಲ್ ಲೂಯಿ ಸಿಮೋಂದ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗಿಷ್ಠ ಇಲಿಯಿಂದ ಇನ್ನೊಂದಕ್ಕೆ ಪ್ಲೇಗನ್ನು ಒಯ್ಯುವುದು ಇಲಿಯ ಮೈಯ ಚಿಗಟವೆಂದು ತೋರಿಸಿದರು. ವಿದ್ವಾಂಸರು ಆಗ ಅದನ್ನು ನಂಬಲಿಲ್ಲ. ೧೯೦೫ರ ತರುವಾಯ ಮುಂಬಯಿಯ ಪರೇಲಿನಲ್ಲಿ ನಡೆದ ವಿಸ್ತಾರವಾದ ಸಂಶೋಧನೆಗಳು ಅವರ ಮಾತನ್ನೇ ಸ್ಥಿರಪಡಿಸಿದವು. ಮನೆಯಲ್ಲಿ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಳ್ಳಿಗರ ನಡತೆಯು ಕುರುಡು ಭಯದ್ದಾಗಿರದೆ ಅನುಭವದ ವಿವೇಕವನ್ನು ಒಳಗೊಂಡಿತ್ತೆಂಬುದು ಆಗ ಸ್ಪಷ್ಟವಾಯಿತು.

ಹಾಫ್‌ಕಿನ್ ಮದ್ದು ದೋಷರಹಿತವಾಗಿರಲಿಲ್ಲ. ಸರಕಾರವು ೧೮೯೮ರಲ್ಲಿ ನೇಮಿಸಿದ ಪ್ಲೇಗ್ ಆಯೋಗವು ಕೆಲವು ಊರುಗಳ ಲೆಕ್ಕಗಳಲ್ಲಿ ಕೊರತೆಗಳಿರುವುದನ್ನೂ, ಪ್ರತಿ ಬಾರಿ ತಯಾರಾದ ಮದ್ದಿನ ಶಕ್ತಿ ಒಂದೇ ಸಮನಾಗಿಲ್ಲದಿರುವುದನ್ನೂ ಎತ್ತಿ ತೋರಿಸಿತು. ರಕ್ಷಣೆ ಪೂರ್ಣವಲ್ಲ, ಶಾಶ್ವತವೂ ಅಲ್ಲ. ಆದರೂ ರೋಗ ತಗಲುವ ಸಂಭವವನ್ನೂ ತಗಲಿದವರ ಸಾವನ್ನೂ ಅದು ಬಹುಮಟ್ಟಿಗೆ ಕಡಮೆ ಮಾಡುತ್ತದೆಂದು ಆಯೋಗವು ಒಪ್ಪಿಕೊಂಡಿತು. ೧೮೯೯ರ ಆಗಸ್ಟಿನಲ್ಲಿ ಪರೇಲಿನ ಹಳೆಯ ಗವರ್ನರರ ಬಂಗಲೆಯಲ್ಲಿ ಪ್ಲೇಗ್ ಸಂಶೋಧನ ಪ್ರಯೋಗಶಾಲೆ ನೆಲೆಗೊಂಡಿತು. ಹಾಫ್‌ಕಿನ್ ಅವರು ಅದರ ಮುಖ್ಯಸ್ಥರಾದರು. ಮುಂಬಯಿ ಪ್ರಾಂತದ ಜಿಲ್ಲೆಗಳಿಗೂ ಹೊರಗಿನ ಪ್ರಾಂತಗಳಿಗೂ ಹೊರದೇಶಗಳಿಗೂ ಅಲ್ಲಿಂದಲೇ ಮದ್ದಿನ ಸೀಸೆಗಳು ಹೋಗುತ್ತಿದ್ದವು.

ಮಲ್ಕೋವಾಲದ ದುರಂತ

೧೯೦೨ರಲ್ಲಿ ಪಂಜಾಬದ ಸರಕಾರವು ಲಕ್ಷಾಂತರ ಜನರಿಗೆ ಏಕಕಾಲದಲ್ಲಿ ಮದ್ದು ಕೊಡಲು ಯೋಜಿಸಿತು. ಅಷ್ಟು ಮದ್ದನ್ನು ಬೇಗನೆ ತಯಾರಿಸುವ ಸಲುವಾಗಿ ಪ್ರಯೋಗಶಾಲೆಯಲ್ಲಿ ವಿಧಾನವನ್ನು ಸ್ವಲ್ಪ ಬದಲಿಸಲಾಯಿತು. ಕಾರ್ಬಾಲಿಕ್ ಆಮ್ಲವನ್ನು ಬೆರೆಸುವುದನ್ನು ಬಿಟ್ಟು ಶಾಖವನ್ನೇ ನೆಚ್ಚಲಾಯಿತು. ಪಾಶ್ಚರ್ ಸಂಸ್ಥೆಯಲ್ಲಿ ಈ ಕ್ರಮ ಬಳಕೆಯಲ್ಲಿತ್ತು. ಅಕ್ಟೋಬರ್ ೩೦ರಂದು ಮಲ್ಕೋವಾಲ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಐದು ಸೀಸೆಗಳಿಂದ ಮದ್ದು ಚುಚ್ಚಲಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಹತ್ತೊಂಬತ್ತು ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಮಂದಿಯೂ ಸತ್ತರು. ಆ ಎಲ್ಲರಿಗೂ ಮದ್ದು ಕೊಟ್ಟದ್ದು ಒಂದೇ ಸೀಸೆಯಿಂದ.

ಪ್ಲೇಗಿನಿಂದ ಉಳಿಯಬೇಕೆಂದು ನಂಬಿ ತೋಳೊಡ್ಡಿದ ಬಡ ಹಳ್ಳಿಗರು ಆ ನಂಬಿಕೆಯಿಂದಲೇ ಪ್ರಾಣ ಕಳೆದುಕೊಂಡರು. ಇದಕ್ಕಿಂತ ಘೋರವಾದ ಪೆಟ್ಟು ಹಾಫ್‌ಕಿನ್ ಅವರಿಗೆ ಬೇರೊಂದಿರಲಾರದು. ವಿಚಾರಣೆಯ ಸಮಿತಿಯು ಸೀಸೆಯು ಪ್ರಯೋಗಶಾಲೆಯಲ್ಲಿದ್ದಾಗಲೇ ಮದ್ದು ಕೆಟ್ಟಿರಬೇಕೆಂದು ತೀರ್ಮಾನಿಸಿತು. ವಿಧಾನವನ್ನು ಬದಲಿಸಿದ ಹೊಣೆ ಮುಖ್ಯಸ್ಥನದೆಂದು ಅವರನ್ನು ಪದವಿಯಿಂದ ಇಳಿಸಿತು ಸರಕಾರ. ೧೯೦೪ರಲ್ಲಿ ಸಂಬಳವೂ ಇಲ್ಲದೆ, ಕಳಂಕವನ್ನು ಹೊತ್ತು, ಅವರು ಇಂಗ್ಲೆಂಡಿಗೆ ಹಿಂದಿರುಗಿದರು. ಸಾವಿರಾರು ಮೈಲಿ ದೂರದ ಹಳ್ಳಿಯಲ್ಲಿ, ತಾವು ಕಣ್ಣಿಂದ ಕಾಣದ ಒಂದು ಗಳಿಗೆಯಲ್ಲಿ ಏನು ನಡೆಯಿತೆಂಬುದನ್ನು ರುಜುವಾತುಪಡಿಸಬೇಕಾದ ಸ್ಥಿತಿ ಅವರದಾಗಿತ್ತು.

ಸತ್ಯದ ಸುಳಿವು ವಿಚಾರಣೆಯ ಕಾಗದಗಳಲ್ಲಿಯೇ ಅಡಗಿತ್ತು. ಸೀಸೆಯ ಬಿರಡೆಯನ್ನು ಕೀಳುವ ಚಿಮಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಕುದಿಸಿ ಶುದ್ಧಿಗೊಳಿಸದೆ, ಕಾರ್ಬಾಲಿಕ್ ನೀರಿನಲ್ಲಿ ಒಮ್ಮೆ ಅಲುಬಿ ಅದರಿಂದಲೇ ಬಿರಡೆಯನ್ನು ತೆಗೆಯಲಾಗಿತ್ತು. ಧನುರ್ವಾಯುವಿನ ರೋಗಾಣುಗಳು ವಾಸಿಸುವುದು ಮಣ್ಣಿನಲ್ಲಿ. ವಿಷವು ಮುಂಬಯಿಯಲ್ಲಿಯೇ ಸೀಸೆಯನ್ನು ಸೇರಿದ್ದರೆ ಅಷ್ಟು ದಿನಗಳಲ್ಲಿ ಅಲ್ಲಿ ಬೆಳೆದು ದುರ್ವಾಸನೆ ಬರಬೇಕಾಗಿತ್ತು. ಬಿರಡೆ ತೆಗೆದಾಗ ಅಂಥ ವಾಸನೆ ಇರಲಿಲ್ಲ. ೧೯೦೭ರ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಸಹಿ ಮಾಡಿದ ಪತ್ರವೊಂದು ಪ್ರಕಟವಾಗಿ ಹಾಫ್‌ಕಿನ್ ಅವರ ನಿರ್ದೋಷಿತ್ವವನ್ನು ಸಾರಿತು. ಅವರಲ್ಲಿ ಅಗ್ರಗಣ್ಯರು ಸರ್ ರೊನಾಲ್ಡ್ ರಾಸ್. ೧೮೯೫ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿಯಂತ್ರಣಕ್ಕಾಗಿ ದುಡಿದು, ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯೊಳಗೆ ಕಂಡ ವಿಜ್ಞಾನಿ ಅವರು. ತಮಗೆ ದೊರೆತ ನೊಬೆಲ್ ಪಾರಿತೋಷಕದ ಕೀರ್ತಿಯ ಬಲವನ್ನು ಅವರು ಸಹೋದ್ಯೋಗಿಯ ನ್ಯಾಯಕ್ಕಾಗಿ ಬಳಸಿದರು. ಆ ವರ್ಷದ ಕೊನೆಗೆ ಸರಕಾರವು ಹಾಫ್‌ಕಿನ್ ಅವರನ್ನು ಆರೋಪದಿಂದ ಮುಕ್ತಗೊಳಿಸಿ ಮತ್ತೆ ಸೇವೆಗೆ ಕರೆಯಿತು.

ಕೊನೆಯ ದಿನಗಳು

ಅವರು ಭಾರತಕ್ಕೆ ಮರಳಿದರು. ಆದರೆ ತಾವು ಕಟ್ಟಿ ಬೆಳೆಸಿದ ಪರೇಲಿನ ಪ್ರಯೋಗಶಾಲೆ ಅವರ ಕೈಗೆ ಮತ್ತೆ ಬರಲಿಲ್ಲ. ಕಲಕತ್ತೆಯಲ್ಲಿ ಒಂದು ಸ್ಥಾನ ದೊರೆಯಿತು. ಮೊದಲಿನಂತೆ ಊರೂರಿಗೆ ಹೋಗಿ ಜನರ ನಡುವೆ ದುಡಿಯುವ ಅವಕಾಶ ದೊರೆಯಲಿಲ್ಲ. ೧೯೧೪ರಲ್ಲಿ ನಿವೃತ್ತರಾಗಿ ಯುರೋಪಿಗೆ ಹೋದರು. ಅವಿವಾಹಿತರಾಗಿಯೇ ಉಳಿದಿದ್ದ ಅವರು ತಮ್ಮ ಪೂರ್ವಜರ ಧರ್ಮದ ಅಧ್ಯಯನದಲ್ಲಿ ಮಗ್ನರಾದರು. ದುಡಿದು ಉಳಿಸಿದ ಹಣವನ್ನು ಆ ಧರ್ಮದ ವಿದ್ಯಾಲಯಗಳಿಗಾಗಿ ಮೀಸಲಿಟ್ಟರು. ಯೌವನದಲ್ಲಿ ಯಾವ ಮತವನ್ನು ತೊರೆಯಲೊಲ್ಲದೆ ನಾಡನ್ನು ಬಿಟ್ಟಿದ್ದರೋ ಆ ಮತದ ಮಕ್ಕಳ ಓದಿಗೆ ಅವರ ಗಳಿಕೆ ಸಂದಿತು. ೧೯೨೫ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರನ್ನಿಟ್ಟು ಮುಂಬಯಿ ಸರಕಾರವು ತಡವಾಗಿಯಾದರೂ ಋಣವನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಆ ಪ್ರಯೋಗಶಾಲ��ಯಿಂದ ಹೊರಟ ಪ್ಲೇಗ್ ಮದ್ದಿನ ಪ್ರಮಾಣ ಎರಡೂವರೆ ಕೋಟಿಯನ್ನು ಮೀರಿತ್ತು. ೧೯೩೦ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಉಳಿದು ಬಂದ ಪರಂಪರೆ

ಅವರ ತರುವಾಯ ಪ್ಲೇಗಿನ ಚಿಕಿತ್ಸೆಗೆ ಹೊಸ ಔಷಧಗಳು ಬಂದವು. ಸ್ಟ್ರೆಪ್ಟೋಮೈಸಿನ್ ಮೊದಲಾದವು ರೋಗ ತಗಲಿದವರನ್ನೂ ಉಳಿಸಬಲ್ಲವಾದವು. ಇಲಿ, ಚಿಗಟಗಳ ನಿಯಂತ್ರಣವು ರೋಗದ ಬೇರನ್ನು ಕತ್ತರಿಸಿತು. ಹಾಫ್‌ಕಿನ್ ಮದ್ದು ಬಳಕೆಯಿಂದ ಮರೆಯಾಯಿತು. ಆದರೆ ಅವರು ತೋರಿದ ದಾರಿ ಮರೆಯಾಗಲಿಲ್ಲ. ೧೯೪೦ರ ದಶಕದಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳ ಮನೆಮನೆಯಲ್ಲಿ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ತಡೆಗಟ್ಟುವ ಕಾರ್ಯ ನಡೆಯಿತು. ಜ್ವರದ ಸೀಮೆಯೆಂದು ಹೆಸರಾಗಿದ್ದ ಮಲೆನಾಡಿನ ಊರುಗಳು ಅದರಿಂದ ಚೇತರಿಸಿಕೊಂಡವು. ಈ ಎರಡು ಜಿಲ್ಲೆಗಳಲ್ಲಿ ಕಂಡ ಫಲವು ಮುಂದೆ ದೇಶದ ಮಲೇರಿಯಾ ನಿಯಂತ್ರಣಕ್ಕೆ ಮಾರ್ಗದರ್ಶಕವಾಯಿತು.

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಇಲಿಗಳ ಸಾವಿನಿಂದ ಪ್ಲೇಗನ್ನು ಅರಿತ ಹಳೆಯ ಪಾಠವೇ ಪುನಃ ಬಳಕೆಗೆ ಬಂದಿತು. ಪುಣೆಯ ವಿಜ್ಞಾನಿಗಳು ಆ ಕಾಡಿಗೆ ಬಂದು, ಉಣ್ಣೆಗಳ ಕಡಿತದಿಂದ ಹರಡುವ ಹೊಸ ವೈರಸ್ಸನ್ನು ಗುರುತಿಸಿದರು. ಮಂಗನ ಕಾಯಿಲೆಯೆಂದು ಕರೆಯಲಾಗುವ ಆ ರೋಗ ಮುಂದೆ ಉತ್ತರ ಕನ್ನಡದ ಸಿದ್ದಾಪುರ, ಹೊನ್ನಾವರ, ಭಟ್ಕಳಗಳ ಕಾಡಂಚಿನ ಊರುಗಳಲ್ಲಿಯೂ ಕಾಣಿಸಿಕೊಂಡಿತು. ಸಿಡುಬು ಭಾರತದಿಂದ ೧೯೭೫ರಲ್ಲಿ ಕಣ್ಮರೆಯಾಯಿತು. ಪೋಲಿಯೊ ಹನಿಗಳನ್ನು ತಯಾರಿಸಿದ ಸಂಸ್ಥೆಗಳಲ್ಲಿ ಮುಂಬಯಿಯ ಹಾಫ್‌ಕಿನ್ ಹೆಸರಿನದೂ ಒಂದು. ೨೦೧೪ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ೨೦೨೦ರಲ್ಲಿ ಕೋವಿಡ್ ಬಂದಾಗ ೧೮೯೭ರ ಆ ಹಳೆಯ ಕಾಯಿದೆಯನ್ನೇ ಸರಕಾರಗಳು ಮತ್ತೆ ಹೊರತೆಗೆದವು. ಹಳೆಯ ವದಂತಿಗಳೂ ಹೊಸ ವೇಷದಲ್ಲಿ ಮತ್ತೆ ಹೊರಬಂದವು. ಅವನ್ನು ಗೆದ್ದದ್ದು ಈ ಬಾರಿಯೂ ಲಸಿಕೆಯನ್ನು ಮೊದಲು ಹಾಕಿಸಿಕೊಂಡು ನೆರೆಯವರಿಗೆ ಧೈರ್ಯ ಹೇಳಿದವರು, ಬಿಸಿಲು ಮಳೆಯೆನ್ನದೆ ಮನೆಮನೆಗೆ ನಡೆದ ದಾದಿಯರು ಮತ್ತು ಆಶಾ ಕಾರ್ಯಕರ್ತೆಯರು.

ಹಾಫ್‌ಕಿನ್ ಅವರ ಜೀವನದಿಂದ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಬಹಳವಿದೆ. ತಾನು ಅನುಭವಿಸದೆ ಪರರಿಗೆ ಉಪದೇಶಿಸಬಾರದೆಂಬುದನ್ನು ಅವರು ತಮ್ಮ ದೇಹದಿಂದಲೇ ತೋರಿಸಿದರು. ಮಾತಿಗಿಂತ ಲೆಕ್ಕ ದೊಡ್ಡದು, ಬಲಕ್ಕಿಂತ ನಂಬಿಕೆ ದೊಡ್ಡದು ಎಂಬುದನ್ನು ತಮ್ಮ ದುಡಿಮೆಯಿಂದ ತೋರಿಸಿದರು. ಮಲ್ಕೋವಾಲದಲ್ಲಿ ನೆಲಕ್ಕೆ ಬಿದ್ದ ಚಿಮಟವು ಹೇಳುವ ಪಾಠವೂ ಅಷ್ಟೇ ಗುರುತರವಾದುದು. ಮಹಾ ವಿಜ್ಞಾನಿಯ ವರ್ಷಗಳ ಶ್ರಮವೂ ಹತ್ತೊಂಬತ್ತು ಮುಗ್ಧ ಜೀವಗಳೂ ಕೊನೆಗೆ ಅವಲಂಬಿಸಿದ್ದು ಒಬ್ಬ ಸಾಮಾನ್ಯ ಸಹಾಯಕನು ಒಂದು ಉಪಕರಣವನ್ನು ಸರಿಯಾಗಿ ಕುದಿಸುವನೇ ಇಲ್ಲವೇ ಎಂಬುದನ್ನು. ಯಾವ ಕೆಲಸವೂ ಅಲ್ಪವಲ್ಲ. ಶುಚಿಯಾಗಿ, ನಿಷ್ಠೆಯಿಂದ ಮಾಡಿದ ಚಿಕ್ಕ ಕೆಲಸದ ಮೇಲೆಯೇ ದೊಡ್ಡ ಕೆಲಸಗಳು ನಿಂತಿವೆ. ಇಂದು ಕಾರವಾರದ ಬಂದರಿಗೆ ಹಡಗು ಬಂದಾಗ, ಹುಬ್ಬಳ್ಳಿಯಿಂದ ಅಂಕೋಲೆಗೆ ಸರಕಿನ ಲಾರಿಗಳು ಅರಬೈಲು ಘಟ್ಟವನ್ನಿಳಿದಾಗ, ಆ ಹಾದಿಯಲ್ಲಿ ಪ್ಲೇಗು ಬಂದೀತೆಂದು ಯಾರೂ ಬಾಗಿಲನ್ನು ಮುಚ್ಚಿಕೊಳ್ಳುವುದಿಲ್ಲ. ಆ ನಿಶ್ಚಿಂತೆಯ ಹಿಂದಿರುವ ಅನೇಕರ ದುಡಿಮೆಯಲ್ಲಿ ಒಡೆಸ್ಸಾದಿಂದ ಬಂದ ಈ ಮಹನೀಯರ ಪಾಲೂ ಇದೆಯೆಂಬುದನ್ನು ಕೃತಜ್ಞತೆಯಿಂದ ನೆನೆಯುವುದು ನಮ್ಮೆಲ್ಲರ ಕರ್ತವ್ಯ.